ಅಡಾಪ್ಟರ್ ಮೇಲೆ ‘12 ವೋಲ್ಟ್, 2 ಆಂಪ್’ ಅಂತ ಇದ್ದರೆ ಸಾಲದು: ಪ್ರಯಾಣಕ್ಕೆ ಚಿಕ್ಕದು ಹುಡುಕುವವರಿಗೆ ಒಂದು ಎಚ್ಚರಿಕೆ

ಹಾರ್ಡ್ ಡ್ರೈವ್ ಜೊತೆ ಬಂದ ಅಡಾಪ್ಟರ್ ದಪ್ಪ. ಬ್ಯಾಗಿನಲ್ಲಿ ಜಾಗ ತಿನ್ನುತ್ತದೆ, ಪ್ಲಗ್ ಪಾಯಿಂಟಿಗೆ ಹಾಕಿದರೆ ಪಕ್ಕದ ಪಾಯಿಂಟನ್ನೂ ಮುಚ್ಚಿಬಿಡುತ್ತದೆ. ಊರಿಂದೂರಿಗೆ ಹೋಗುವಾಗ ಪುಟ್ಟದೊಂದು ಇದ್ದರೆ ಚೆನ್ನ ಅನ್ನಿಸುವುದು ಸಹಜ. ಆದರೆ ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ನಾನು ಅಂಥದ್ದೊಂದು ತರಿಸಿದೆ. ಅದು ಕೈಕೊಟ್ಟ ಮೇಲೆ ಅದೇ ಮಾರಾಟಗಾರರು ಸೂಚಿಸಿದ ಇನ್ನೊಂದನ್ನೂ ತರಿಸಿದೆ. ಎರಡರಿಂದಲೂ ಸಾಕುಬೇಕಾಯಿತು.

ನಾನು ಹೇಳುತ್ತಿರುವುದು ಅಂಗೈ ಅಗಲದ 2.5 ಇಂಚಿನ ಡ್ರೈವ್ ಬಗ್ಗೆ ಅಲ್ಲ. ಅದಕ್ಕೆ ಯುಎಸ್‌ಬಿಯ 5 ವೋಲ್ಟ್ ಸಾಕು, ಬೇರೆ ಅಡಾಪ್ಟರ್ ಬೇಕಿಲ್ಲ. ಇದು 3.5 ಇಂಚಿನ ದೊಡ್ಡ ಡ್ರೈವ್ ಕಥೆ. ಅದರ ಮೋಟಾರಿಗೆ 12 ವೋಲ್ಟ್ ಬೇಕು. ಹಾಗಾಗಿಯೇ ಹಿಂದೆ ದುಂಡನೆಯ ತೂತು, ಜೊತೆಗೊಂದು ಪ್ರತ್ಯೇಕ ಅಡಾಪ್ಟರ್. ಸಾಮಾನ್ಯವಾಗಿ ಅದರ ಮೇಲೆ 12 ವೋಲ್ಟ್, 1.5 ಅಥವಾ 2 ಆಂಪ್ ಅಂತ ಇರುತ್ತದೆ.

ನಾನು ತರಿಸಿದ ಪುಟಾಣಿಯ ಮೇಲೂ ಅದೇ ಇತ್ತು. 12 ವೋಲ್ಟ್, 2 ಆಂಪ್. ‘ಎಲ್ಲಾ ಹಾರ್ಡ್ ಡ್ರೈವ್‌ಗಳಿಗೂ ಸೂಕ್ತ’ ಅನ್ನೋ ಮಾತು ಬೇರೆ. ಪಿನ್ ಸರಿಯಾಗಿ ಕೂತಿತು, ಡ್ರೈವ್ ತಿರುಗಿತು, ಫೋಲ್ಡರ್‌ಗಳು ತೆರೆದವು. ಚಿಕ್ಕಪುಟ್ಟ ಫೈಲ್ ಕಾಪಿ ಮಾಡಿ ನೋಡಿದೆ, ಅದೂ ಆಯಿತು. ಎಡವಟ್ಟಾಗಿದ್ದು ಪ್ರಯಾಣದಲ್ಲಿ, ಕ್ಯಾಮೆರಾದ ವಿಡಿಯೊಗಳನ್ನೆಲ್ಲ ಒಟ್ಟಿಗೆ ಡ್ರೈವ್‌ಗೆ ಹಾಕುತ್ತಿದ್ದಾಗ. ಅರ್ಧ ದಾಟುವಷ್ಟರಲ್ಲಿ ಒಳಗಿಂದ ‘ಟಕ್’ ಅಂತ ಸದ್ದು. ಗುಂಯ್‌ಗುಟ್ಟುವುದು ನಿಂತಿತು, ಮತ್ತೆ ಶುರುವಾಯಿತು, ಮತ್ತೆ ‘ಟಕ್’. ಅಡಾಪ್ಟರ್ ಮುಟ್ಟಿದರೆ ಕೈ ಇಡೋಕಾಗದಷ್ಟು ಬಿಸಿ. ತೆಗೆದು ಮತ್ತೆ ಜೋಡಿಸಿದಾಗ ಪರದೆಯ ಮೇಲೆ ಬಂದಿದ್ದು ಆ ಹಾಳು ಪ್ರಶ್ನೆ: ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಇಲ್ಲಿ ಒಂದು ಮಾತು. ಆ ಪ್ರಶ್ನೆ ಬಂದರೆ ಯಾವ ಕಾರಣಕ್ಕೂ ಹೂಂ ಅನ್ನಬೇಡಿ. ಮುಚ್ಚಿಬಿಡಿ, ಡ್ರೈವ್ ತೆಗೆದು ಪಕ್ಕಕ್ಕಿಡಿ. ಹೆಚ್ಚಿನ ಸಲ ಫೈಲ್‌ಗಳು ಅಲ್ಲೇ ಇರುತ್ತವೆ, ಯಾವುದು ಎಲ್ಲಿದೆ ಅನ್ನುವ ಪಟ್ಟಿ ಮಾತ್ರ ಕೆಟ್ಟಿರುತ್ತದೆ. ಡ್ರೈವ್ ಬರೆಯುತ್ತಿದ್ದಾಗ ಕರೆಂಟ್ ಹೋದರೆ ಆ ಪಟ್ಟಿ ಅರ್ಧಂಬರ್ಧ ಆಗಿ ನಿಲ್ಲುತ್ತದೆ. ಈ ಪಟ್ಟಿ ಇಡುವ ಪದ್ಧತಿಗಳಲ್ಲಿ ಒಂದಾದ ಎನ್‌ಟಿಎಫ್‌ಎಸ್‌ನಲ್ಲಿ ಜರ್ನಲ್, ಅಂದರೆ ಮಾಡುತ್ತಿರುವ ಬದಲಾವಣೆಗಳ ದಿನಚರಿ ಇದೆ, ಸ್ವಲ್ಪ ಮಟ್ಟಿಗೆ ತಾನೇ ಸರಿಮಾಡಿಕೊಳ್ಳುತ್ತದೆ. ಇನ್ನೊಂದು ಪದ್ಧತಿಯಾದ ಎಕ್ಸ್‌ಫ್ಯಾಟ್‌ನಲ್ಲಿ ಅದಿಲ್ಲ. ಬೇರೆಬೇರೆ ಕಂಪ್ಯೂಟರಿಗೆ ಜೋಡಿಸಬೇಕು ಅಂತ ನಾವು ಹೆಚ್ಚಾಗಿ ಇಟ್ಟುಕೊಳ್ಳುವುದು ಎಕ್ಸ್‌ಫ್ಯಾಟನ್ನೇ. ನನ್ನದೂ ಅದೇ. ಹಳೆಯ ಫೈಲ್‌ಗಳು ರಿಕವರಿ ಸಾಫ್ಟ್‌ವೇರ್‌ನಲ್ಲಿ ಬಹುಪಾಲು ಸಿಕ್ಕವು. ಆಗಷ್ಟೇ ಹಾಕುತ್ತಿದ್ದ ವಿಡಿಯೊಗಳಲ್ಲಿ ಕೆಲವು ಅರ್ಧಕ್ಕೇ ನಿಲ್ಲುತ್ತವೆ. ಕ್ಯಾಮೆರಾದ ಕಾರ್ಡನ್ನು ಇನ್ನೂ ಅಳಿಸಿರಲಿಲ್ಲ, ಬಚಾವ್.

ಆಮೇಲೆ ಮಲ್ಟಿಮೀಟರ್ ಹಿಡಿದು ಕೂತೆ. ಏನೂ ಜೋಡಿಸದೆ ಅಳೆದರೆ 12ಕ್ಕಿಂತ ಒಂಚೂರು ಜಾಸ್ತಿಯೇ ತೋರಿಸಿತು. ನೋಡಿದರೆ ಪಕ್ಕಾ ಮಾಲು. ಖಾಲಿ ಇದ್ದ ಹಳೆಯ ಡ್ರೈವ್ ಒಂದನ್ನು ಜೋಡಿಸಿ ಅಳೆದೆ ನೋಡಿ, ಮೋಟಾರ್ ಏಳುವ ಹೊತ್ತಿಗೆ ಮೀಟರ್ 10ಕ್ಕಿಂತ ಕೆಳಗೆ ಜಾರಿತು. ಸಾಮಾನ್ಯವಾಗಿ ಈ ಡ್ರೈವ್‌ಗಳಿಗೆ 12 ವೋಲ್ಟ್‌ನಲ್ಲಿ ಶೇಕಡಾ 10ರಷ್ಟು ಏರುಪೇರು ನಡೆಯುತ್ತದೆ, ಅಂದರೆ 10.8ರ ತನಕ ಓಕೆ. ಅದಕ್ಕಿಂತ ತೀರಾ ಕೆಳಗಿಳಿದರೆ ಕರೆಂಟ್ ಹೋಯಿತು ಅಂತಲೇ ಡ್ರೈವ್ ಅಂದುಕೊಳ್ಳುತ್ತದೆ. ಡೇಟಾ ಇರುವ, ತಿರುಗುತ್ತಿರುವ ತಟ್ಟೆಗಳ ವೇಗದಿಂದಲೇ ಒಂದಿಷ್ಟು ವಿದ್ಯುತ್ ಪಡೆದು, ಅವುಗಳ ಮೇಲೆ ಓದಿ ಬರೆಯುವ ಹೆಡ್‌ಗಳನ್ನು ಗಡಿಬಿಡಿಯಲ್ಲಿ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ನನಗೆ ಕೇಳಿಸಿದ ‘ಟಕ್’ ಅದೇ.

ಕೆಟ್ಟುಹೋದ ಗಾಡಿ ತಳ್ಳುವಾಗ ಮೊದಲ ನೂಕಿಗೆ ತಾನೇ ಜಾಸ್ತಿ ಬಲ ಬೇಕಾಗುವುದು? ಇದೂ ಹಾಗೆಯೇ. ನಿಂತಿರುವ ತಟ್ಟೆಗಳನ್ನು ನಿಮಿಷಕ್ಕೆ 5,400 ಅಥವಾ 7,200 ಸುತ್ತಿನ ವೇಗಕ್ಕೆ ತರುವ ಆ ಕೆಲವು ಸೆಕೆಂಡು ಡ್ರೈವ್ 2 ಆಂಪ್‌ವರೆಗೂ ಎಳೆಯಬಹುದು. ಒಮ್ಮೆ ವೇಗ ಹಿಡಿದ ಮೇಲೆ ಅರ್ಧ ಆಂಪ್ ಆಸುಪಾಸಿನಲ್ಲಿ ಓಡುತ್ತದೆ. ಕಳಪೆ ಅಡಾಪ್ಟರ್ ತಣ್ಣಗಿರುವಾಗ ಆ ಮೊದಲ ನೂಕನ್ನು ಹೇಗೋ ದಾಟಿಸಿಬಿಡುತ್ತದೆ. ಗಂಟೆಗಟ್ಟಲೆ ಓಡಿ ಕಾದ ಮೇಲೆ ಕುಸಿಯುತ್ತದೆ. ಐದು ನಿಮಿಷದ ಟ್ರಯಲ್‌ನಲ್ಲಿ ಎಲ್ಲವೂ ಚೆನ್ನಾಗಿ ಕಾಣುವುದು ಇದಕ್ಕೇ.

ಮಾರಾಟಗಾರರಿಗೆ ಬರೆದೆ. ‘ನಿಮ್ಮ ಹಾರ್ಡ್ ಡ್ರೈವ್‌ನದ್ದೇ ತೊಂದರೆ’ ಅನ್ನುವ ಉತ್ತರ ಬಂತು. ಅಳತೆಯ ಫೋಟೊ ಕಳಿಸಿದ ಮೇಲೆ ರಾಗ ಬದಲಾಯಿತು: ಅದನ್ನು ಬಿಡಿ, ಈ ಕೇಬಲ್ ತಗೊಳ್ಳಿ, ನಿಮ್ಮ ಫೋನ್ ಚಾರ್ಜರಿನಲ್ಲೇ ಡ್ರೈವ್ ಓಡುತ್ತದೆ. ಒಂದು ತುದಿ ಯುಎಸ್‌ಬಿ ಸಿ, ಇನ್ನೊಂದು ತುದಿ ದುಂಡನೆ ಪಿನ್. ಮೇಲೆ ‘ಪಿಡಿ 12 ವೋಲ್ಟ್’ ಅಂತ ಮುದ್ರೆ. ಪಿಡಿ ಅಂದರೆ ಪವರ್ ಡೆಲಿವರಿ, ಎಷ್ಟು ವೋಲ್ಟ್ ಬೇಕು ಅಂತ ಚಾರ್ಜರಿನ ಜೊತೆ ಮಾತಾಡಿಕೊಂಡು ಪಡೆಯುವ ಯುಎಸ್‌ಬಿ ಪದ್ಧತಿ. ಕಾಗದದ ಮೇಲೆ ಇದಕ್ಕಿಂತ ಚಂದದ ಉಪಾಯ ಇಲ್ಲ, ಅಲ್ವಾ? ಹೇಗೂ ಚಾರ್ಜರ್ ಒಯ್ಯುತ್ತೇವೆ, ಜೊತೆಗೊಂದು ಕೇಬಲ್ ಅಷ್ಟೇ.

ಜೋಡಿಸಿದೆ. ಡ್ರೈವ್‌ನ ದೀಪ ಹತ್ತಿತು. ತಟ್ಟೆಗಳು ಮಾತ್ರ ತಿರುಗಲೊಲ್ಲವು. ಕುಂಯ್ ಅನ್ನುವುದು, ನಿಲ್ಲುವುದು, ಮತ್ತೆ ಕುಂಯ್. ಪಿನ್ ಅಳೆದರೆ 9 ವೋಲ್ಟ್.

ಕಾರಣ ಚಾರ್ಜರಿನ ಹೊಟ್ಟೆಯ ಮೇಲೇ ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು. ಈಗಿನ ಪಿಡಿ ಚಾರ್ಜರ್‌ಗಳು ಸಾಮಾನ್ಯವಾಗಿ ಕೊಡುವ ಮೆಟ್ಟಿಲುಗಳು 5, 9, 15 ಮತ್ತು 20 ವೋಲ್ಟ್. 12 ಅನ್ನುವುದು ಆರಂಭದ ಪಿಡಿಯಲ್ಲಿ ಇತ್ತು, ಆಮೇಲಿನ ಆವೃತ್ತಿಗಳಲ್ಲಿ ಅದು ಕಡ್ಡಾಯವಲ್ಲ. ಕೆಲವು ತಯಾರಕರು ಕೊಡುತ್ತಾರೆ, ಕೆಲವರು ಕೊಡಲ್ಲ. ಕೇಬಲ್‌ನೊಳಗಿನ ಚಿಪ್ 12 ಕೇಳುತ್ತದೆ, ಚಾರ್ಜರ್ ನನ್ನಲ್ಲಿಲ್ಲ ಅನ್ನುತ್ತದೆ, ಕೊನೆಗೆ ಕೆಳಗಿನ ಮೆಟ್ಟಿಲಾದ 9ಕ್ಕೆ ರಾಜಿಯಾಗುತ್ತದೆ. ಕೇಬಲ್ ಮೇಲಿನ ಮುದ್ರೆ ಬರೀ ಕೋರಿಕೆ, ಗ್ಯಾರಂಟಿ ಅಲ್ಲ. ಇದನ್ನು ಮಾರುವ ಪುಟದಲ್ಲಿ ಒಂದು ಸಾಲು ಬರೆದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ‘ಯಾವ ಚಾರ್ಜರ್ ಆದರೂ ನಡೆಯುತ್ತದೆ’ ಅಂತಲೇ ಹಾಕಿದ್ದರು.

ಈ ಕೇಬಲ್ ಕೆಟ್ಟದ್ದು ಅಂತಲ್ಲ. ನಿಮ್ಮ ಚಾರ್ಜರಿನ ಔಟ್‌ಪುಟ್ ಸಾಲಿನಲ್ಲಿ 12 ವೋಲ್ಟ್ ಸ್ಪಷ್ಟವಾಗಿ ಇದ್ದು, ಅದರ ಎದುರು 2 ಆಂಪ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೆಲಸ ಮಾಡಬಹುದು. ಆದರೆ ಒಂದಕ್ಕಿಂತ ಹೆಚ್ಚು ಪೋರ್ಟ್ ಇರುವ ಚಾರ್ಜರ್ ಆದರೆ ಇನ್ನೊಂದು ತಕರಾರು. ಪಕ್ಕದ ಪೋರ್ಟಿಗೆ ಫೋನ್ ಚುಚ್ಚಿದ ಕೂಡಲೇ ಹಲವು ಚಾರ್ಜರ್‌ಗಳು ಒಂದು ಕ್ಷಣ ಎಲ್ಲವನ್ನೂ ಕಡಿದು, ಪವರ್ ಮರುಹಂಚಿಕೆ ಮಾಡುತ್ತವೆ. ಫೋನಿಗೆ ಅದು ಗೊತ್ತೇ ಆಗಲ್ಲ. ಬರೆಯುತ್ತಿರುವ ಡ್ರೈವ್‌ಗೆ ಆ ಒಂದು ಕ್ಷಣವೇ ಸಾಕು.

ಇನ್ನು ಪಿನ್ ವಿಚಾರ. ದುಂಡನೆಯ ಪಿನ್ ಹೊರಗಿನಿಂದ 5.5 ಮಿಲಿಮೀಟರ್ ಇದ್ದರೂ ಒಳತೂತು 2.1 ಅಥವಾ 2.5 ಇರಬಹುದು. ಕಣ್ಣಳತೆಗೆ ಸಿಗಲ್ಲ. 2.1ರ ಜಾಗಕ್ಕೆ 2.5ರದ್ದು ಹಾಕಿದರೆ ಸಡಿಲವಾಗಿ ಕೂರುತ್ತದೆ, ಮೇಜು ಅಲ್ಲಾಡಿದರೆ ಕರೆಂಟ್ ಹೋಗುತ್ತದೆ. ಇದಕ್ಕಿಂತ ಅಪಾಯದ್ದು ಏನಂದರೆ ಹಲವು ಲ್ಯಾಪ್‌ಟಾಪ್ ಅಡಾಪ್ಟರ್‌ಗಳ ಪಿನ್ನೂ ಇದೇ 5.5ರದ್ದು, ಅದರಲ್ಲಿ ಬರುವುದು 19 ವೋಲ್ಟ್. ‘ಹೇಗೂ ಲ್ಯಾಪ್‌ಟಾಪಿನದ್ದು ಇದೆಯಲ್ಲ’ ಅಂತ ಸುಮ್ನೆ ಚುಚ್ಚಿ ನೋಡುವವರು ಇದ್ದಾರೆ. ಡ್ರೈವ್‌ನ ಬೋರ್ಡಿನಲ್ಲಿ ಟಿವಿಎಸ್ ಡಯೋಡ್ ಅನ್ನುವ ಕಾವಲು ಭಾಗ ಇರುತ್ತದೆ, ಹೆಚ್ಚಿನ ವೋಲ್ಟ್ ಬಂದಾಗ ಅದು ತಾನು ಸುಟ್ಟು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡುತ್ತದೆ, ಅದೂ ಅದೃಷ್ಟ ಇದ್ದರೆ. ಹಾಗೆ ಆದ ಮೇಲೆ ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ತಂದು ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಆ ಡ್ರೈವ್‌ಗೇ ಸೇರಿದ ಹೊಂದಾಣಿಕೆಯ ಮಾಹಿತಿ ಬೋರ್ಡಿನ ಚಿಪ್ಪಿನಲ್ಲಿರುತ್ತದೆ, ಅದನ್ನೂ ದಾಟಿಸಬೇಕು. ರಿಕವರಿಯವರ ಬಿಲ್ಲು ನೋಡಿದರೆ ಹೊಸ ಡ್ರೈವೇ ಅಗ್ಗ.

3ರಿಂದ 12 ವೋಲ್ಟ್‌ವರೆಗೆ ಗುಂಡಿ ಸರಿಸಿ ಆರಿಸುವ ‘ಯೂನಿವರ್ಸಲ್’ ಅಡಾಪ್ಟರ್‌ಗಳ ಹತ್ತಿರ ನಾನಂತೂ ಹೋಗಲ್ಲ. ಬ್ಯಾಗಿನಲ್ಲಿ ಗುಂಡಿ ಸರಿದಿರುತ್ತದೆ, ತುದಿಯನ್ನು ತಿರುಗಿಸಿ ಹಾಕಿದರೆ ಪ್ಲಸ್ ಮೈನಸ್ ಅದಲುಬದಲು.

ಹಾಗಾದರೆ ಏನು ತಗೊಳ್ಳಬೇಕು? ವೋಲ್ಟ್ ಕರಾರುವಾಕ್ಕಾಗಿ 12 ಇರಲಿ. ಆಂಪ್ ಮೂಲದಷ್ಟೇ ಅಥವಾ ಜಾಸ್ತಿ ಇರಲಿ, ಜಾಸ್ತಿ ಇದ್ದರೆ ಏನೂ ಆಗಲ್ಲ, ಡ್ರೈವ್ ತನಗೆ ಬೇಕಾದಷ್ಟೇ ಎಳೆಯುತ್ತದೆ. ಪಿನ್‌ನ ಪ್ಲಸ್ ಮೈನಸ್ ಗುರುತಿನ ಚಿತ್ರವನ್ನು ಹಳೆಯದಕ್ಕೆ ಹೋಲಿಸಿ, ಸಾಮಾನ್ಯವಾಗಿ ನಡುವೆ ಪ್ಲಸ್. ಬೇರೆ ದೇಶಕ್ಕೆ ಹೋಗುವವರು ಇನ್‌ಪುಟ್ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಅಂತ ಇದೆಯಾ ನೋಡಿ. ಪ್ಲಗ್ ಆಕಾರ ಬದಲಿಸುವ ಟ್ರಾವೆಲ್ ಅಡಾಪ್ಟರ್ ವೋಲ್ಟ್ ಬದಲಿಸಲ್ಲ. ಡ್ರೈವ್ ತಯಾರಕರೇ ಮಾರುವ, ಪ್ಲಗ್ ತಲೆ ಕಳಚುವಂಥದ್ದು ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ, ಸ್ವಲ್ಪ ದಪ್ಪ ಆದರೂ ಪರವಾಗಿಲ್ಲ.

ಈಗಾಗಲೇ ಚಿಕ್ಕದೊಂದು ತರಿಸಿಬಿಟ್ಟಿದ್ದೀರಾ? ಹೊರಡುವ ಮುಂಚೆ, ಬ್ಯಾಕಪ್ ಇರುವ ಡ್ರೈವ್ ಮೇಲೆ ಒಂದೆರಡು ಗಂಟೆ ಸತತ ಕಾಪಿ ಹಾಕಿ. ಅಡಾಪ್ಟರ್ ಕಾದ ಮೇಲೆ ಡ್ರೈವ್ ಅನ್ನು ಸರಿಯಾಗಿ ಇಜೆಕ್ಟ್ ಮಾಡಿ, ಆರಿಸಿ, ಮತ್ತೆ ಹಚ್ಚಿ. ಆ ಬಿಸಿ ಸ್ಟಾರ್ಟ್ ನಿಜವಾದ ಪರೀಕ್ಷೆ. ಶುರುವಿಗೂ ಕೊನೆಗೂ ಡ್ರೈವ್‌ನ ಸ್ಮಾರ್ಟ್ ವಿವರದಲ್ಲಿ (ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ಅದನ್ನು ತೋರಿಸುವ ಸಾಫ್ಟ್‌ವೇರ್‌ನಲ್ಲಿ ಕಾಣುತ್ತದೆ) 10 ಮತ್ತು 192 ಅನ್ನುವ ಸಾಲುಗಳ ಎದುರಿನ ಅಂಕಿ ಬರೆದಿಟ್ಟುಕೊಳ್ಳಿ. 10 ಅಂದರೆ ಮೋಟಾರ್ ಏಳಲು ಮರುಪ್ರಯತ್ನ, 192 ಅಂದರೆ ಕರೆಂಟ್ ಹೋಗಿ ಹೆಡ್ ಎಳೆದುಕೊಂಡಿದ್ದು. ನೀವು ಆರಿಸಿದ್ದಕ್ಕಿಂತ ಹೆಚ್ಚು ಸಲ 192 ಏರಿದ್ದರೆ, ಅಥವಾ 10 ಒಂದೇ ಒಂದು ಏರಿದ್ದರೂ, ಆ ಅಡಾಪ್ಟರನ್ನು ಅವತ್ತೇ ವಾಪಸ್ ಕಳಿಸಿ. ಹಿಂದಿರುಗಿಸುವ ಗಡುವು ಮುಗಿಯುವ ತನಕ ಕಾಯಬೇಡಿ, ನನ್ನದು ಪ್ರಯಾಣದ ನಡುವೆಯೇ ಮುಗಿದುಹೋಯಿತು, ಮಾರಾಟಗಾರರು ಅದನ್ನೇ ನೆಪ ಮಾಡಿಕೊಂಡು ಕೈತೊಳೆದುಕೊಂಡರು.