ಭತ್ತದ ಗದ್ದೆಯಲ್ಲಿ ಎಲ್‌ಐ-6400 ಎಕ್ಸ್‌ಟಿ: ಎರಡು ಹಂಗಾಮು ಬಳಸಿದ ಮೇಲೆ

ಭತ್ತದ ಗರಿ ಎಷ್ಟು ದ್ಯುತಿಸಂಶ್ಲೇಷಣೆ ಮಾಡುತ್ತಿದೆ ಅಂತ ಗದ್ದೆಯಲ್ಲೇ ನಿಂತು ಅಳೆಯಲು ಲೈಕಾರ್ ಕಂಪನಿಯ ಈ ಹಳೆಯ ಯಂತ್ರ ಈಗಲೂ ನನಗೆ ಇಷ್ಟ. ಹೊಸ ಎಲ್‌ಐ-6800 ಬಂದಿದೆ, ನಿಜ. ಆದರೆ ಎಲ್ಲ ಲ್ಯಾಬಿಗೂ ಹೊಸದು ಸಿಗುವುದಿಲ್ಲ ಅಲ್ವಾ? ಮಂಡ್ಯ ಕಡೆಯ ಗದ್ದೆಗಳಲ್ಲಿ ಇದನ್ನು ಹೊತ್ತು ತಿರುಗಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಗರಿಯನ್ನು ಪುಟ್ಟ ಚೇಂಬರ್‌ನಲ್ಲಿ ಹಿಡಿಯುತ್ತೇವೆ. ಒಳಗೆ ಹೋಗುವ ಗಾಳಿಯಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಇತ್ತು, ಗರಿಯನ್ನು ಹಾದು ಬಂದ ಗಾಳಿಯಲ್ಲಿ ಎಷ್ಟು ಉಳಿಯಿತು, ಈ ವ್ಯತ್ಯಾಸದಿಂದ ಯಂತ್ರ ಲೆಕ್ಕ ಹಾಕುತ್ತದೆ. ಕೆಂಪು-ನೀಲಿ ಎಲ್‌ಇಡಿ ದೀಪ ಇದ್ದರೆ ಮೋಡ ಕವಿದರೂ ಬೆಳಕನ್ನು 1500 ಮೈಕ್ರೋಮೋಲ್‌ಗೆ (ಚದರ ಮೀಟರಿಗೆ, ಸೆಕೆಂಡಿಗೆ ಬೀಳುವ ಬೆಳಕಿನ ಅಳತೆ) ನಿಲ್ಲಿಸಬಹುದು, ಮುಂಗಾರಿನಲ್ಲಿ ಅಳೆಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕಷ್ಟ ಇರುವುದು ಭತ್ತದ ಗರಿಯಲ್ಲೇ. ಚೇಂಬರ್ 2 ಸೆಂ.ಮೀ. ಅಗಲ, 3 ಸೆಂ.ಮೀ. ಉದ್ದ, ಅಂದರೆ 6 ಚದರ ಸೆಂ.ಮೀ. ಗರಿ ಅಷ್ಟು ಅಗಲ ಇರುವುದಿಲ್ಲ. 1.2 ಸೆಂ.ಮೀ. ಅಗಲದ ಗರಿ ಹಿಡಿದರೆ ಒಳಗಿರುವುದು 3.6 ಚದರ ಸೆಂ.ಮೀ. ಮಾತ್ರ. ಇದನ್ನು ಯಂತ್ರಕ್ಕೆ ಹೇಳದೆ 6 ಅಂತಲೇ ಬಿಟ್ಟರೆ ನಿಜವಾಗಿ 25 ಮೈಕ್ರೋಮೋಲ್ (ಒಂದು ಚದರ ಮೀಟರ್ ಗರಿ ಸೆಕೆಂಡಿಗೆ ಹೀರುವ ಕಾರ್ಬನ್ ಡೈಆಕ್ಸೈಡ್) ಇರುವುದು ಪರದೆಯ ಮೇಲೆ 15 ಆಗುತ್ತದೆ. ಮೊದಲ ಹಂಗಾಮಿನಲ್ಲಿ ನಾನು ಇದೇ ತಪ್ಪು ಮಾಡಿ, ಒಳ್ಳೆಯ ತಳಿಯನ್ನು ಸೋಮಾರಿ ಅಂದುಕೊಂಡಿದ್ದೆ. ಈಗ ಪ್ರತಿ ಗರಿಗೂ ಸ್ಕೇಲ್ ಇಟ್ಟು ಅಗಲ ಬರೆದುಕೊಳ್ಳುತ್ತೇನೆ. ಎರಡು ಗರಿ ಪಕ್ಕಪಕ್ಕ ಇಟ್ಟು ಹಿಡಿಯಬಹುದು, ಆದರೆ ಒಂದರ ಮೇಲೊಂದು ಏರಬಾರದು.

ಇನ್ನೊಂದು ವಿಷಯ ಉಸಿರು. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಸುತ್ತಮುತ್ತ ಇದ್ದರೆ ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಒಂದು ದಿನ ಯಂತ್ರಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡುವ ಪುಟ್ಟ ಗ್ಯಾಸ್ ಸಿಲಿಂಡರ್ ಮುಗಿದು ಹೊರಗಿನ ಗಾಳಿಯನ್ನೇ ಎಳೆಯಬೇಕಾಯಿತು, ಬದುವಿನ ಮೇಲೆ ನಾಲ್ಕು ಜನ ಬಗ್ಗಿ ನೋಡುತ್ತಾ ನಿಂತಿದ್ದಾಗ ಅಂಕಿ ಒಂದು ಕಡೆ ನಿಲ್ಲಲೇ ಇಲ್ಲ. ಆಮೇಲೆ ಗಾಳಿ ಎಳೆಯುವ ಪೈಪನ್ನು ದೊಡ್ಡ ಕ್ಯಾನಿಗೆ ಸೇರಿಸಿ, ಆ ಕ್ಯಾನನ್ನು ಬಿದಿರಿನ ಗಳಕ್ಕೆ ಕಟ್ಟಿ ಎತ್ತರದಲ್ಲಿ ಇಟ್ಟೆವು. ಸರಿಹೋಯಿತು.

ಬೆಳಿಗ್ಗೆ 9ರಿಂದ 11ರ ಒಳಗೆ ಅಳೆಯಿರಿ. ಮಧ್ಯಾಹ್ನದ ಬಿಸಿಲಿಗೆ ಗರಿ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಆಗ ಸಿಗುವ ಅಂಕಿ ಬೇರೆಯೇ. ಒಂದು ಗರಿಗೆ ಎರಡು ಮೂರು ನಿಮಿಷ ಬೇಕು, ಹಾಗಾಗಿ ಜಾಸ್ತಿ ಪ್ಲಾಟ್ ಇದ್ದವರು ಎಲ್ಲವನ್ನೂ ಒಂದೇ ದಿನ ಮುಗಿಸುವ ಆಸೆ ಬಿಡಿ.

ತಳಿಗಳನ್ನು ಹೋಲಿಸುವವರಿಗೆ, ನೀರು ಕಡಿಮೆ ಮಾಡಿ ನೋಡುವವರಿಗೆ ಇದು ಬೇಕೇ ಬೇಕು. ಯೂರಿಯಾ ಯಾವಾಗ ಹಾಕಬೇಕು ಅಂತ ತಿಳಿಯಲು ಇದು ಬೇಡ. ಅದಕ್ಕೆ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಎಲೆಬಣ್ಣದ ಪಟ್ಟಿ ಸಾಕು, ಗರಿಯನ್ನು ಪಕ್ಕದಲ್ಲಿ ಹಿಡಿದು ಹಸಿರು ಹೋಲಿಸಿದರೆ ಆಯಿತು.

ನಿಮ್ಮ ಲ್ಯಾಬಿನ ಬೀರುವಿನಲ್ಲಿ ಇದು ಸುಮ್ನೆ ಕೂತಿದ್ದರೆ ಪೈರು ಹೊಡೆ ಬಿಡುವ ಮುಂಚೆಯೇ ಹೊರಗೆ ತೆಗೆಯಿರಿ. ಚೇಂಬರ್ ಅಂಚಿನ ಫೋಮ್ ಬದಲಿಸಿ, ತೇವ ಹೀರುವ ನೀಲಿ ಹರಳು ಗುಲಾಬಿಯಾಗಿದ್ದರೆ ಅದನ್ನೂ ಬದಲಿಸಿ. ಹೊಡೆ ಬಂದ ಮೇಲೆ ತೆನೆಯ ಕೆಳಗಿನ ಕೊನೆಯ ಗರಿಯನ್ನು ಅಳೆಯಲು ಸಿಗುವ ದಿನಗಳು ಕಡಿಮೆ.