ಆಯುಧಪೂಜೆಗೆ ಸ್ವೀಟ್ ಬಾಕ್ಸ್: ಕಾರ್ಖಾನೆಗೆ ಯಾವುದು ಸರಿ?

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ ಕಡೆಯ ಕಾರ್ಖಾನೆಗಳ ಎಚ್‌ಆರ್ ಮೇಜಿನ ತುಂಬ ಸ್ಯಾಂಪಲ್ ಡಬ್ಬಿಗಳು. ಸಗಟು ಆರ್ಡರ್‌ಗೆ ನಮ್ಮ ಆಯ್ಕೆ ಅರ್ಧ ಕೆಜಿ ಗಟ್ಟಿ ಮೈಸೂರು ಪಾಕ್, ಜೊತೆಗೆ ಕಾಲು ಕೆಜಿ ಖಾರ. ಬಗೆಬಗೆಯ ಸ್ವೀಟ್ ತುಂಬಿದ ಅಸಾರ್ಟೆಡ್ ಡಬ್ಬಿ ನೋಡಲು ಚೆಂದ, ಆದರೆ ಅದರಲ್ಲಿರುವ ಪೇಡ, ಹಾಲಿನ ಬರ್ಫಿ ಬೇಗ ಕೆಡುತ್ತವೆ. ಅವುಗಳ ತೇವ ತಗುಲಿ ಪಕ್ಕದ ಒಣ ಸ್ವೀಟೂ ಮೆತ್ತಗಾಗುತ್ತದೆ.

ತುಪ್ಪ ಜಿನುಗುವ ಮೆತ್ತನೆ ಪಾಕ್ ರುಚಿಯಲ್ಲಿ ಮೇಲು, ನಿಜ. ಮನೆಗೆ ಒಯ್ಯುವುದಾದರೆ ದೇವರಾಜ ಮಾರುಕಟ್ಟೆಯ ಗುರು ಸ್ವೀಟ್ಸ್‌ನಿಂದ ಅದನ್ನೇ ಕಟ್ಟಿಸಿ. ಕಾರ್ಖಾನೆಯ ಮಾತು ಬೇರೆ. ಮಧ್ಯಾಹ್ನದ ಬಿಸಿಲಲ್ಲಿ ಟೆಂಪೋದಲ್ಲಿ ನಿಂತ ಡಬ್ಬಿಯ ತುಪ್ಪ ಕರಗಿ ರಟ್ಟಿಗೆ ಇಳಿಯುತ್ತದೆ, ತಳ ಒದ್ದೆಯಾಗಿ ಮೇಲಿನ ಸಾಲಿನ ಭಾರಕ್ಕೆ ಕುಸಿಯುತ್ತದೆ. ಗಟ್ಟಿ ಪಾಕ್‌ಗೆ ಈ ಕಾಟವಿಲ್ಲ. ಸ್ಯಾಂಪಲ್ ತುಂಡೊಂದನ್ನು ಮುರಿದು ನೋಡಿ: ಒಳಗೆಲ್ಲ ಸಣ್ಣ ಗೂಡುಗಳಿದ್ದು ನಡುಭಾಗ ಅಂಚಿಗಿಂತ ಕೆಂಪಗಿರಬೇಕು. ಕುದಿಯುವ ತುಪ್ಪ ಹೊಯ್ದಾಗ ಹಿಟ್ಟು ಉಬ್ಬಿದೆ, ತಟ್ಟೆಗೆ ಸುರಿದ ಮೇಲೂ ನಡುವೆ ಕಾವು ಉಳಿದಿದೆ ಎಂಬುದಕ್ಕೆ ಅದೇ ಗುರುತು. ಗೂಡಿಲ್ಲದೆ ಕಲ್ಲಿನಂತಿದ್ದರೆ ಪಾಕ ಏರಿದೆ, ಬೇಡ. ಡಬ್ಬಿಯೊಳಗೆ ಬಟರ್ ಪೇಪರ್ ಇರಲಿ. ಬಿಡಿ ಸ್ವೀಟಿಗೂ ಬೆಸ್ಟ್ ಬಿಫೋರ್ ದಿನಾಂಕ ತೋರಿಸುವ ನಿಯಮ 2020ರ ಅಕ್ಟೋಬರ್‌ನಿಂದ ಇದೆ, ಬಿಲ್ ಜೊತೆ ಅದನ್ನೂ ಬರೆಸಿಕೊಳ್ಳಿ. ಉಡುಗೊರೆಯಾಗಿ ಕೊಟ್ಟ ಸರಕಿಗೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯನ್ನು ಕಂಪನಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ) ಸಿಗದು, ಆದ್ದರಿಂದ ತೆರಿಗೆ ಸೇರಿಸಿಯೇ ಬಜೆಟ್ ಹಾಕಿ.

ಎಣಿಕೆಯಲ್ಲೇ ಹೆಚ್ಚಿನವರು ಎಡವುವುದು. ಮಸ್ಟರ್ ರೋಲ್ (ಕಂಪನಿಯ ಹಾಜರಿ ಪಟ್ಟಿ) ಮಾತ್ರ ನೋಡಿ ಆರ್ಡರ್ ಕೊಟ್ಟರೆ ಗುತ್ತಿಗೆ ಕಾರ್ಮಿಕರು, ಅಪ್ರೆಂಟಿಸ್‌ಗಳು, ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನಿನವರು ಬಿಟ್ಟುಹೋಗುತ್ತಾರೆ. ಒಂದೇ ಲೈನಿನಲ್ಲಿ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ಅರ್ಧ ಕೆಜಿ, ಇನ್ನೊಬ್ಬನಿಗೆ ಕಾಲು ಕೆಜಿ ಕೊಡುವುದಕ್ಕಿಂತ ಯಾರಿಗೂ ಕೊಡದಿರುವುದೇ ವಾಸಿ. ಬಜೆಟ್ ಕಡಿಮೆಯಿದ್ದರೆ ಎಲ್ಲರಿಗೂ ಕಾಲು ಕೆಜಿ ಮಾಡಿ. 200 ಜನಕ್ಕೆ ಅರ್ಧ ಕೆಜಿಯಂತೆ 100 ಕೆಜಿ ಆಗುತ್ತದೆ, ಮೇಲೆ ಹತ್ತು ಡಬ್ಬಿ ಹೆಚ್ಚಿಗೆ ಹೇಳಿ.

ಇಷ್ಟಕ್ಕೂ ಡಬ್ಬಿಯಿಂದ ಕೆಲಸದ ಹುಮ್ಮಸ್ಸು ಹೆಚ್ಚುತ್ತದೆಯೇ? ನಮ್ಮ ಅಭಿಪ್ರಾಯದಲ್ಲಿ ಇಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಎಂಜಿನಿಯರ್‌ಗಳು ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ್ದು ಇಲ್ಲಿಗೂ ಹೊಂದುತ್ತದೆ: ಸಂಬಳ, ಸೌಲಭ್ಯ, ಕಂಪನಿಯ ನೀತಿ ಸರಿಯಿಲ್ಲದಿದ್ದರೆ ಜನ ಬೇಸರಪಡುತ್ತಾರೆ; ಸರಿಯಿದ್ದರೆ ಬೇಸರ ಹೋಗುತ್ತದೆ, ಅಷ್ಟೇ. ಕೆಲಸದಲ್ಲಿ ಮನಸ್ಸು ನಿಲ್ಲುವುದು ಸಾಧನೆಗೆ, ಮನ್ನಣೆಗೆ, ಜವಾಬ್ದಾರಿಗೆ. ಡಬ್ಬಿ ಮೊದಲ ಗುಂಪಿನದು. ಬೋನಸ್ ಬದಲಿಗೆ ಅದನ್ನು ತೋರಿಸಲೇಬಾರದು. ಅರ್ಹರಿಗೆ ಕನಿಷ್ಠ 8.33% ಬೋನಸ್ ಕಾನೂನಿನ ಹಕ್ಕು, ಲೆಕ್ಕದ ವರ್ಷ ಮುಗಿದ 8 ತಿಂಗಳೊಳಗೆ ಕೊಡಬೇಕು. ಹಬ್ಬಕ್ಕೆ ಮುಂಚೆಯೇ ಖಾತೆಗೆ ಬಿದ್ದರೆ ಡಬ್ಬಿ ಹಿಡಿದವರ ಮುಖವೇ ಬೇರೆ.

ಡಬ್ಬಿಯನ್ನು ಎರಡನೇ ಗುಂಪಿಗೆ ಸ್ವಲ್ಪವಾದರೂ ದಾಟಿಸುವ ದಾರಿಯೊಂದಿದೆ, ಅದಕ್ಕೆ ಖರ್ಚಿಲ್ಲ. ಗೇಟಿನಲ್ಲಿ ಕೂಪನ್ ಹರಿದು ಕೊಡಿಸಬೇಡಿ. ಮೆಷಿನ್‌ಗೆ ಪೂಜೆ ಮಾಡಿ ಬೂದುಗುಂಬಳ ಒಡೆದ ಮೇಲೆ, ಆ ಲೈನಿನ ಸೂಪರ್‌ವೈಸರ್ ಹೆಸರು ಹಿಡಿದು ಕರೆದು, ಆ ವರ್ಷ ಆ ವ್ಯಕ್ತಿ ಮಾಡಿದ ಒಂದು ಕೆಲಸವನ್ನು ಎಲ್ಲರೆದುರು ಹೇಳಿ ಕೊಡಲಿ. ‘ಚೆನ್ನಾಗಿ ಕೆಲಸ ಮಾಡ್ತೀಯ’ ಎಂದರೆ ಸಾಲದು. ‘ಮೂರನೇ ಪ್ರೆಸ್‌ನ ಡೈ ಸೆಟ್ಟಿಂಗ್‌ನಲ್ಲಿ ಸಮಯ ಉಳಿಸಿದ್ದು ನೀನು’ ಎನ್ನಬೇಕು. ಸೂಪರ್‌ವೈಸರ್‌ಗೆ ವಾರ ಮುಂಚೆಯೇ ಪಟ್ಟಿ ಕೊಟ್ಟು ಬರೆಸಿ, ಇಲ್ಲದಿದ್ದರೆ ಎಲ್ಲರಿಗೂ ಒಂದೇ ಮಾತು ಬರುತ್ತದೆ.

ರಾತ್ರಿ ಪಾಳಿಯವರ ಡಬ್ಬಿ ಬೆಳಿಗ್ಗೆಯೇ ಬೇರೆ ಎತ್ತಿಡಿ. ಸಕ್ಕರೆ ಕಾಯಿಲೆಯವರಿಗೆ ಅದೇ ಬೆಲೆಯ ಖಾರ ಅಥವಾ ಗೋಡಂಬಿ ಇರಲಿ, ಅದನ್ನು ಮೊದಲೇ ಕೇಳಿ ಬರೆದುಕೊಳ್ಳಿ. ಕಡ್ಲೆಪುರಿಯನ್ನು ಮಾತ್ರ ಪೂಜೆಯ ದಿನವೇ ತರಿಸಿ, ಹಿಂದಿನ ದಿನ ತಂದು ಮೂಟೆ ಬಿಚ್ಚಿಟ್ಟರೆ ಗಾಳಿಯ ತೇವಕ್ಕೆ ಜಗ್ಗುಪುರಿಯಾಗುತ್ತದೆ.