ನೇತ್ರಾಣಿಗೆ ಒಯ್ಯಲು ಗೋಪ್ರೋ ಕ್ಯಾಮೆರಾ ಒಳ್ಳೆಯದಾ, ಟಿಜಿ-7 ಕ್ಯಾಮೆರಾ ಒಳ್ಳೆಯದಾ?

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಸ್ನಾರ್ಕ್ಲಿಂಗ್ (ಉಸಿರಾಟದ ಕೊಳವೆ ಕಚ್ಚಿ ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಮಾಡಲು ಹೊರಟಿದ್ದೀರಾ? ನಿಮಗೆ ವಿಡಿಯೋ ಮುಖ್ಯವೋ ಫೋಟೋ ಮುಖ್ಯವೋ, ಮೊದಲು ಅದನ್ನು ತೀರ್ಮಾನಿಸಿ.

ವಿಡಿಯೋ ಸಾಕು ಅಂದರೆ ಗೋಪ್ರೋ ಹೀರೋ 12. ಬೇರೆ ಕವಚ ಇಲ್ಲದೆಯೇ 10 ಮೀಟರ್ ಆಳ ತಡೆಯುತ್ತದೆ. ಸ್ನಾರ್ಕ್ಲಿಂಗ್‌ನಲ್ಲಿ ಅಷ್ಟು ಕೆಳಗೆ ಯಾರು ಹೋಗ್ತಾರೆ ಹೇಳಿ! ಅಲೆಗೆ ಕೈ ಅಲುಗಿದರೂ ಚಿತ್ರ ಜಾಸ್ತಿ ಕುಲುಕುವುದಿಲ್ಲ. ಆದರೆ ಲೆನ್ಸ್ ತುಂಬಾ ಅಗಲದ ನೋಟ ಹಿಡಿಯುತ್ತದೆ. ಎರಡು ಮೀಟರ್ ದೂರದ ಗಿಳಿಮೀನು ಫೋಟೋದಲ್ಲಿ ಕಡಲೆಕಾಳಿನಷ್ಟಾಗಿರುತ್ತದೆ. ನೀರೊಳಗೆ ಟಚ್‌ಸ್ಕ್ರೀನ್ ಮಾತು ಕೇಳುವುದಿಲ್ಲ, ಬಟನ್ನೇ ಗತಿ.

ಫೋಟೋ ಹುಚ್ಚಿದ್ದರೆ ಓಎಂ ಸಿಸ್ಟಮ್‌ನ ಟಿಜಿ-7. ಇದು 15 ಮೀಟರ್‌ವರೆಗೆ ಸೈ, 4 ಪಟ್ಟು ಆಪ್ಟಿಕಲ್ ಜೂಮ್ ಇದೆ. ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಒಂದು ಸೆಂಟಿಮೀಟರ್ ಹತ್ತಿರದಿಂದ ಹವಳದ ಮೊಗ್ಗು ತೆಗೆಯಬಹುದು. ನೀರಿನಲ್ಲಿ ಕೆಂಪು ಬಣ್ಣ ಮೊದಲು ಮಾಯವಾಗಿ ಎಲ್ಲವೂ ನೀಲಿಯಾಗುತ್ತದಲ್ವಾ, ಅದನ್ನು ಸರಿಮಾಡಲು ಅಂಡರ್‌ವಾಟರ್ ಮೋಡ್‌ಗಳೂ ಇವೆ. ಬ್ಯಾಟರಿ ಬಾಗಿಲಿನ ರಬ್ಬರ್ ಮೇಲೆ ಒಂದು ಕೂದಲೋ ಮರಳಿನ ಕಣವೋ ಕೂತಿದ್ದರೆ ನೀರು ನುಗ್ಗಬಹುದು. ಹಾಗಾಗಿ ದಡದಲ್ಲೇ ಒರೆಸಿ, ಮುಚ್ಚಿ. ದೋಣಿಯಲ್ಲಿ ತೆರೆಯಬೇಡಿ.

ಫೋನ್‌ಗೆ ಪ್ಲಾಸ್ಟಿಕ್ ಪೌಚ್? ಸುಮ್ನೆ ತಲೆನೋವು.

ನನ್ನ ಆಯ್ಕೆ ಟಿಜಿ-7. ಮಕ್ಕಳ ಜೊತೆ ಹೋಗುವುದಾದರೆ ಗೋಪ್ರೋ. ಎರಡೂ ಮುಳುಗುತ್ತವೆ, ತೇಲುವ ಸ್ಟ್ರಾಪ್ ಮರೆಯಬೇಡಿ. ರೂಮಿಗೆ ಬಂದ ತಕ್ಷಣ ಸಿಹಿನೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಅದ್ದಿಡಿ.